ಮೂವತ್ತೊಂದನೆಯ ಸೆಳೆತ

ಆ ಊರಿನಲ್ಲಿ ಆರುನೂರ ಹನ್ನೆರಡು ಮನೆಗಳಿದ್ದವು. ಒಂದು ನರಪಿಳ್ಳೆಯೂ ಇರಲಿಲ್ಲ. ಇರಬೇಕಾಗಿಯೂ ಇರಲಿಲ್ಲ. ಹುಬ್ಬಳ್ಳಿಯ ಗೋಕುಲ ರಸ್ತೆಯ ಸ್ಟುಡಿಯೋ ಒಂದರಲ್ಲಿ, ಕಂಪ್ಯೂಟರಿನೊಳಗೆ ಕಟ್ಟುತ್ತಿದ್ದ ಊರು ಅದು. ದೂರದೇಶದ ಕಂಪನಿಯೊಂದು ತನ್ನ ಹೊಸ ವಿಡಿಯೋ ಗೇಮಿಗಾಗಿ ಜನ ಬಿಟ್ಟುಹೋದ ಕಾರ್ಮಿಕರ ಕಾಲೊನಿಯೊಂದು ಬೇಕೆಂದು ಕೇಳಿತ್ತು. ಆಡುವವನು ಯಾವ ಮನೆಯ ಬಾಗಿಲನ್ನಾದರೂ ತಳ್ಳಿ ಒಳಗೆ ಹೋಗಬಹುದು, ಕೋಣೆಕೋಣೆ ಅಡ್ಡಾಡಿ, ಇಲ್ಲಿ ಎಂಥವರಿದ್ದರು, ಏಕೆ ಹೋದರು ಎಂದು ಗೋಡೆಗಳನ್ನು ನೋಡಿ ಊಹಿಸಬಹುದು. ಆಟವೆಂದರೆ ಅಷ್ಟೇ.

ಊರು ಕಟ್ಟುವ ಹೊಣೆ ಇಂದುಮತಿಯದು. ಹದಿನಾರು ವರ್ಷದಿಂದ ಆಟಗಳಿಗೆ ಗೋಡೆ ಕಟ್ಟುತ್ತ ಬಂದವಳು. ಕೈಗೆ ಸಿಮೆಂಟು ಹತ್ತದ ಗೌಂಡಿ ಎಂದು ತನ್ನನ್ನು ತಾನೇ ಹಾಸ್ಯ ಮಾಡಿಕೊಳ್ಳುವಳು. ಆರುನೂರು ಮನೆಗಳನ್ನು ಒಂದೊಂದಾಗಿ ಕಟ್ಟುತ್ತ ಕೂತರೆ ಯಾರ ಆಯುಷ್ಯವೂ ಸಾಲದು. ಅದಕ್ಕೇ ಈ ಕಸುಬಿನವರು ತುಂಡುಗಳನ್ನು ಮಾಡಿಟ್ಟುಕೊಳ್ಳುತ್ತಾರೆ. ಬೋಳು ಗೋಡೆ ಒಂದು, ಕಿಟಕಿಯ ಗೋಡೆ ಒಂದು, ಬಾಗಿಲಿನದು ಒಂದು, ಮೂಲೆ, ಮೆಟ್ಟಿಲು, ಮಾಡು, ಹೀಗೆ ಒಟ್ಟು ಹದಿನಾಲ್ಕು. ಜೋಡಿಸುತ್ತ ಹೋದರೆ ಊರಾಯಿತು. ಕಷ್ಟವೆಲ್ಲ ಆಮೇಲಿನದು. ಅದೇ ಗೋಡೆ ನಾಲ್ಕು ಸಾವಿರ ಸಲ ಬಂದರೆ ನೋಡುವವನ ಕಣ್ಣು ಎಷ್ಟು ಹೊತ್ತು ಸುಮ್ಮನಿದ್ದೀತು? ಕಿಟಕಿಯ ಕೆಳಗಿನ ಸೀಳು ಮೂರನೇ ಮನೆಯಲ್ಲೂ ಅದೇ ಜಾಗದಲ್ಲಿ ಕಂಡಿತೆಂದರೆ ಆಟದ ಮಾಯೆ ಅಲ್ಲಿಗೆ ಮುಗಿಯಿತು.

ಅದಕ್ಕೂ ಉಪಾಯಗಳಿದ್ದವು. ತುಂಡನ್ನು ಹಿಂದುಮುಂದಾಗಿ ನಿಲ್ಲಿಸುವುದು, ಸುಣ್ಣದ ಬಣ್ಣವನ್ನು ತುಸು ಬದಲಿಸುವುದು, ಕಲೆ, ಬಿರುಕು, ಪಾಚಿಗಳನ್ನು ಸ್ಟಿಕರಿನಂತೆ ಮೇಲೆ ಅಂಟಿಸುವುದು, ಸಂದು ಕಾಣುವಲ್ಲಿ ಮುರಿದ ಕುರ್ಚಿಯೊಂದನ್ನಿಟ್ಟು ಮರೆಮಾಡುವುದು. ಇಂದುಮತಿ ಇದರಲ್ಲೆಲ್ಲ ಪಳಗಿದವಳೇ. ಆದರೂ ಕಂಪನಿಯವರು ಮೊದಲ ಇಪ್ಪತ್ತು ಮನೆಗಳನ್ನು ನೋಡಿ, ಇವು ಹಳೆಯ ಮನೆಗಳಂತೆ ಕಾಣುವುದಿಲ್ಲ, ಕೊಳೆ ಬಳಿದ ಹೊಸ ಮನೆಗಳಂತೆ ಕಾಣುತ್ತವೆ ಎಂದು ಬರೆದು ಕಳಿಸಿದರು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಇಂದುಮತಿಗೂ ಹಾಗೇ ಸಿಟ್ಟು ಬಂತು. ಮನೆಗೆ ಹೋಗಿ ಅಪ್ಪನ ಮುಂದೆ ತೋಡಿಕೊಂಡಳು.

ಅಪ್ಪ ರಾಚಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿ ಮೂವತ್ತನಾಲ್ಕು ವರ್ಷ ಫಿಟ್ಟರ್ ಆಗಿದ್ದವನು. ಎಪ್ಪತ್ತಾರು ದಾಟಿತ್ತು. ಕೇಶ್ವಾಪುರದ ಎರಡನೇ ಮಹಡಿಯ ಫ್ಲಾಟಿನಲ್ಲಿ ಅಪ್ಪ ಮಗಳು ಇಬ್ಬರೇ. ಅವಳ ಮದುವೆಯ ಮಾತನ್ನು ಇಬ್ಬರೂ ಕೈಬಿಟ್ಟು ವರ್ಷಗಳಾಗಿದ್ದವು. ಮಗಳ ಗೋಳನ್ನು ಅವನು ತಲೆಯಾಡಿಸುತ್ತ ಕೇಳಿದ.

"ರೇಲ್ವೆ ಕ್ವಾಟ್ರಸ್ಸಿನ್ಯಾಗ ನಾನೂರ ಮನಿ ಇದ್ದುವು, ಎಲ್ಲಾ ಒಂದ ಅಚ್ಚಿನ್ವು," ಎಂದ. "ನೀ ಸಣ್ಣಾಕಿ ಇದ್ದಾಗ ಒಮ್ಮ್ಯಾರ ತಪ್ಪಿ ಮಂದಿ ಮನಿ ಹೊಕ್ಕೀಯೇನು? ಮನಿ ಹಳೇದಾಗೂದು ಬಿಸಲು ಮಳಿಗೆ ಅಲ್ಲವ್ವಾ. ಮಂದಿ ಮೈ ತಾಗಿ ಹಳೇದಾಕ್ಕೈತಿ."

ಹೇಳುವಾಗ ಅವನು ಕೂತಿದ್ದದ್ದು ತನ್ನ ಎಂದಿನ ಜಾಗದಲ್ಲಿ, ಹೊರಬಾಗಿಲ ಪಕ್ಕದ ಚಾಪೆಯ ಮೇಲೆ, ಗೋಡೆಗೆ ಒರಗಿ. ಇದ್ದ ನಾಲ್ಕು ಕೂದಲಿಗೆ ದಿನವೂ ತಪ್ಪದೆ ಕೊಬ್ಬರಿ ಎಣ್ಣೆ ಹಚ್ಚುವವನಾದ್ದರಿಂದ ತಲೆ ತಾಗುವಲ್ಲಿ ಗೋಡೆಯ ಮೇಲೆ ತಾಟಿನಷ್ಟಗಲದ ಕಪ್ಪು ಕಲೆಯೊಂದು ಮೂಡಿತ್ತು. ಎರಡು ಸಲ ಬಣ್ಣ ಬಳಿಸಿದರೂ ಅದು ಮತ್ತೆ ಬಂದಿತ್ತು. ಇಂದುಮತಿ ಆ ಕಲೆಯನ್ನು ನೋಡಿದಳು. ಹದಿನಾರು ವರ್ಷ ಕಲೆಗಳನ್ನು ಅಂಟಿಸಿದವಳು ಅಂಥದೊಂದನ್ನು ಎಂದೂ ಮಾಡಿರಲಿಲ್ಲ.

ಮರುದಿನ ಅವಳು ಜುಬೇರ್ ಸವಣೂರನ ಮೇಜಿನ ಮುಂದೆ ಹೋಗಿ ನಿಂತಳು. ಜುಬೇರ್ ಸ್ಟುಡಿಯೋದ ಎಂಜಿನಿಯರ್. ಗಣಿತದಲ್ಲಿ ಹುಲಿ, ಮಾತಿನಲ್ಲಿ ಇಲಿ. ಕಲೆ ಅಂಟಿಸುವ ಬದಲು ಕಲೆ ಮಾಡುವವನನ್ನೇ ಮನೆಯೊಳಗೆ ಬಿಟ್ಟರೆ ಹೇಗೆ ಎಂದು ಅವಳು ಕೇಳಿದಳು. ಅವನು ಆಗಲೇ ಲೆಕ್ಕ ಹಾಕತೊಡಗಿದ. ಎರಡು ತಿಂಗಳ ನಂತರ ಯಂತ್ರವನ್ನೇ ತೋರಿಸಿದ.

*

ಅದಕ್ಕೆ ಅವರು ಇಟ್ಟ ಹೆಸರು ಒಕ್ಕಲು. ಒಕ್ಕಲಿಗೆ ಮುಖವಿಲ್ಲ, ಮಾತಿಲ್ಲ, ಯೋಚನೆಯಂತೂ ಇಲ್ಲವೇ ಇಲ್ಲ ಎಂದು ಜುಬೇರ್ ಒತ್ತಿ ಹೇಳುತ್ತಿದ್ದ. ಅದಕ್ಕಿರುವುದು ಒಂದು ಮೈ: ಇಷ್ಟು ಎತ್ತರ, ಇಷ್ಟು ತೂಕ, ಬೆವರುವ ಅಂಗೈ, ಎಣ್ಣೆ ಹಚ್ಚಿದ ತಲೆ. ಮತ್ತೆ ಒಂದಷ್ಟು ಸೆಳೆತಗಳು. ಬೆಳಗಿನ ಬಿಸಿಲು ಕಿಟಕಿಗೆ ಎಳೆಯುತ್ತದೆ, ಬಾಯಾರಿಕೆ ನೀರಿನ ಕೊಡದತ್ತ ಎಳೆಯುತ್ತದೆ, ಮೊಣಕಾಲ ನೋವು ಹಿಡಿದುಕೊಳ್ಳಲು ಚೌಕಟ್ಟು ಹುಡುಕುತ್ತದೆ. ಹೀಗೆ ಎಳೆಸಿಕೊಳ್ಳುತ್ತ ಆ ಮೈ ಖಾಲಿ ಮನೆಯಲ್ಲಿ ಹತ್ತು ವರ್ಷ ಓಡಾಡುತ್ತದೆ. ಆ ಹತ್ತು ವರ್ಷ ಯಂತ್ರಕ್ಕೆ ನಲವತ್ತು ನಿಮಿಷ. ಮೈ ತಾಗಿದಲ್ಲೆಲ್ಲ ಗೋಡೆ ಕೊಳೆಯಾಗುತ್ತದೆ, ನೆಲ ಸವೆಯುತ್ತದೆ, ಸ್ವಿಚ್ಚಿನ ಸುತ್ತ ಬೆರಳ ಮಸಿ ಕೂಡುತ್ತದೆ. ಕೊನೆಗೆ ಒಕ್ಕಲನ್ನು ಅಳಿಸಿಬಿಡುವುದು, ಮನೆ ಉಳಿಯುತ್ತದೆ.

ಸೆಳೆತಗಳನ್ನು ಮಾತ್ರ ಬರೀ ಕೂತು ಕಲ್ಪಿಸಲು ಆಗುವುದಿಲ್ಲ. ನಿಜವಾದ ಮನುಷ್ಯನೊಬ್ಬನಿಂದ ತೆಗೆಯಬೇಕು. ಅಪ್ಪನನ್ನು ಕೇಳಿದಾಗ ಅವನು ಹುಡುಗನ ಹಾಗೆ ಹಿಗ್ಗಿದ. ಜೀವಮಾನವೆಲ್ಲ ಅಳತೆಗೋಲು ಹಿಡಿದವನು, ತನ್ನನ್ನೇ ಅಳೆಯುತ್ತಾರೆಂದರೆ ಬಿಡುತ್ತಾನೆಯೇ? ಮಣಿಕಟ್ಟಿಗೊಂದು ಪಟ್ಟಿ, ಅಂಗಿಯ ಕಾಲರಿಗೊಂದು ಗುಂಡಿ ಹಾಕಿಕೊಂಡು ಮೂರು ವಾರ ಓಡಾಡಿದ. ನೆರೆಮನೆಯವರಿಗೆಲ್ಲ ಅದನ್ನು ತೋರಿಸಿ, ನನ್ನ ನಡಿಗೆ ಇನ್ನು ಇಂಗ್ಲಂಡಿಗೆ ಹೋಗುತ್ತದೆ ಎಂದು ಹೇಳಿಕೊಂಡು ಬಂದ.

ಯಂತ್ರ ಅವನ ದಿನಚರಿಯಿಂದ ನಲವತ್ತಮೂರು ಸೆಳೆತಗಳನ್ನು ಹೆಕ್ಕಿತು. ಪ್ರತಿ ಮನೆಗೂ ಇವನ್ನು ತುಸು ಹೆಚ್ಚುಕಡಿಮೆ ಮಾಡಿ, ಕಿಟಕಿಯ ದಿಕ್ಕನ್ನು ಬದಲಿಸಿ, ಆರುನೂರ ಹನ್ನೆರಡು ಒಕ್ಕಲುಗಳನ್ನು ಒಟ್ಟಿಗೇ ಬಿಟ್ಟರು. ಸ್ಟುಡಿಯೋದ ದೊಡ್ಡ ಪರದೆಯ ಮುಂದೆ ಎಲ್ಲರೂ ಚಹಾ ಹಿಡಿದು ನಿಂತಿದ್ದರು. ನಲವತ್ತು ನಿಮಿಷ ಮುಗಿಯಿತು. ಇಂದುಮತಿ ಒಂದು ಮನೆಯ ಬಾಗಿಲು ತೆರೆದಳು. ಹೊರಬಾಗಿಲ ಪಕ್ಕದ ಗೋಡೆಯಲ್ಲಿ, ಕೂತವನ ತಲೆಯ ಎತ್ತರಕ್ಕೆ, ತಾಟಿನಷ್ಟಗಲದ ಎಣ್ಣೆ ಕಲೆ. ಎಷ್ಟು ಚೆನ್ನಾಗಿ ಬಂದಿತ್ತೆಂದರೆ ಯಾರೋ ಚಪ್ಪಾಳೆ ತಟ್ಟಿದರು. ಎರಡನೇ ಮನೆ ತೆರೆದಳು. ಅದೇ ಕಲೆ, ಅದೇ ಜಾಗ. ಮೂರನೆಯದು, ಹತ್ತನೆಯದು, ನಾನೂರನೆಯದು. ಚಹಾ ಹಿಡಿದವರು ಒಬ್ಬೊಬ್ಬರಾಗಿ ತಮ್ಮತಮ್ಮ ಜಾಗಕ್ಕೆ ಹೋದರು.

ಬೇರೆ ಬೇರೆಯಾಗಿ ಕಾಣಲೆಂದು ಮಾಡಿದ ಯಂತ್ರ ಇಡೀ ಊರಿಗೇ ಒಂದೇ ಬೊಟ್ಟು ಇಟ್ಟಿತ್ತು. ಉಳಿದ ಗೋಡೆಗಳಲ್ಲಿ ಗುರುತೇ ಕಡಿಮೆ. ಸಂಜೆಯ ಬಳಕೆ ಕಾಣಬೇಕಾದ ಅಡುಗೆಮನೆಯ ನೆಲ ಹೊಸದರಂತೆ ಹೊಳೆಯುತ್ತಿತ್ತು.

ಜುಬೇರ್ ಸೆಳೆತಗಳ ಪಟ್ಟಿ ತೆಗೆದ. ಪ್ರತಿಯೊಂದಕ್ಕೂ ಅವನು ಹೆಸರಿಟ್ಟಿದ್ದ: ಬಿಸಿಲು, ಚಹಾ, ಉಚ್ಚೆ, ಎಲೆಯಡಿಕೆ. ಮೂವತ್ತೊಂದನೆಯದರ ಮುಂದೆ ಮಾತ್ರ ಏನೂ ಬರೆದಿರಲಿಲ್ಲ. ಸಂಜೆ ಆರೂವರೆಗೆ ಶುರುವಾಗಿ ಹೊರಬಾಗಿಲ ಹತ್ತಿರ ಎಳೆಯುತ್ತದೆ, ಗಳಿಗೆಗಳಿಗೆಗೂ ಜೋರಾಗುತ್ತದೆ, ಬಾಗಿಲು ಹೊರಗಿನಿಂದ ತೆರೆದ ಕೂಡಲೇ ಸೊನ್ನೆಗೆ ಇಳಿಯುತ್ತದೆ. ಅದು ಇಳಿಯುವವರೆಗೆ ಊಟದ ಸೆಳೆತ ಏಳುವುದೇ ಇಲ್ಲ. ಎಲ್ಲಕ್ಕಿಂತ ಬಲವಾದದ್ದು ಇದೇ, ಏನೆಂದು ಮಾತ್ರ ತಿಳಿಯುತ್ತಿಲ್ಲ ಎಂದ.

ಇಂದುಮತಿಗೆ ಓದುತ್ತಿದ್ದಂತೆಯೇ ತಿಳಿದಿತ್ತು. ಕ್ವಾರ್ಟರ್ಸಿನಲ್ಲಿದ್ದಾಗ ಪಾಳಿ ಮುಗಿಸಿ ಬರುವ ಅಪ್ಪನಿಗಾಗಿ ಅವ್ವ ಬಾಗಿಲ ಪಕ್ಕ ಕೂತು ಕಾಯುತ್ತಿದ್ದಳು. ಮನೆಯ ಕೊನೆಯ ಮನುಷ್ಯ ಒಳಗೆ ಕಾಲಿಡುವ ತನಕ ತಾಟಿನ ಮುಂದೆ ಕೂಡ್ರಬಾರದು ಎಂಬುದು ಆಕೆಯ ನೇಮ. ಇಂದುಮತಿಗೆ ಹದಿಮೂರಾಗಿದ್ದಾಗ ಅವ್ವ ತೀರಿಕೊಂಡಳು. ಆ ತಿಂಗಳೇ ಅಪ್ಪ ಆ ಜಾಗಕ್ಕೆ ಬಂದು ಕೂತ. ಶಾಲೆ, ಕಾಲೇಜು, ಕೆಲಸ, ಅವಳು ಎಷ್ಟು ಹೊತ್ತಿಗೆ ಬಂದರೂ ಅವನು ಉಂಡದ್ದು ಅವಳ ಜೊತೆಗೇ. ಈಚಿನ ವರ್ಷಗಳಲ್ಲಿ ಅವಳು ಮನೆ ಸೇರುವಾಗ ಒಂಬತ್ತಾಗುತ್ತಿತ್ತು. ಅವಳಿಗಾಗಿ ಅಪ್ಪ ದಿನಕ್ಕೆ ಎರಡೂವರೆ ತಾಸು ಗೋಡೆಗೆ ಒರಗಿರುತ್ತಾನೆ ಎಂದು ಅವಳು ಯಾವತ್ತೂ ಲೆಕ್ಕ ಹಾಕಿರಲಿಲ್ಲ.

ಈಗ ಯಂತ್ರದೊಳಗೆ ಆರುನೂರ ಹನ್ನೆರಡು ಅಪ್ಪಂದಿರು ಹತ್ತು ಹತ್ತು ವರ್ಷ ಕಾದಿದ್ದರು. ಒಬ್ಬನ ಬಾಗಿಲೂ ತೆರೆದಿರಲಿಲ್ಲ. ಹೊಟ್ಟೆಗಿಲ್ಲದೆ ಸಾಯುವ ಲೆಕ್ಕವನ್ನು ಜುಬೇರ್ ಇಟ್ಟಿರಲಿಲ್ಲ, ಪುಣ್ಯ. ಇಂದುಮತಿ ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟು ಅತ್ತಳು.

*

ಬಾಗಿಲು ತೆರೆಯುವವರೊಬ್ಬರನ್ನು ಕೊಡೋಣ ಎಂದು ಅವಳೇ ಸೂಚಿಸಿದಳು. ಒಂದು ಮನೆಯಲ್ಲಿ ನೋಡಿಯೇಬಿಡೋಣವೆಂದು ಜುಬೇರ್ ಸ್ಟುಡಿಯೋದ ಬಾಗಿಲ ದಾಖಲೆಯಿಂದ ಅವಳು ಹೊರಡುವ ನಿಜವಾದ ಹೊತ್ತುಗಳನ್ನು ತೆಗೆದು ಯಂತ್ರಕ್ಕೆ ಕೊಟ್ಟ: ಏಳೂವರೆ, ಎಂಟೂಕಾಲು, ಒಂಬತ್ತು, ಹನ್ನೊಂದು. ಕಲೆ ಸಣ್ಣದಾಗಲಿಲ್ಲ. ಬರುವ ಹೊತ್ತಿಗೆ ನೇಮವಿಲ್ಲದ್ದರಿಂದ ಒಕ್ಕಲು ಇನ್ನೂ ಬೇಗ ಬಂದು ಕೂಡ್ರುತ್ತಿತ್ತು. ಕಲೆ ಮೊದಲಿಗಿಂತ ದೊಡ್ಡದಾಯಿತು. ಇನ್ನೊಂದನ್ನೂ ಆ ಪರೀಕ್ಷೆ ತೋರಿಸಿತು. ತಾನು ಮನೆಯಲ್ಲಿ ಮಾಡುವುದನ್ನೆಲ್ಲ ಅವಳೇ ಬರೆದುಕೊಟ್ಟಿದ್ದರೂ, ಹತ್ತು ವರ್ಷದಲ್ಲಿ ಇಂದುಮತಿ ಆ ಮನೆಯಲ್ಲಿ ಉಳಿಸಿದ ಗುರುತು ಎರಡೇ, ಬ್ಯಾಗು ಎಸೆಯುವ ಮೂಲೆಯಲ್ಲೊಂದು, ಮೊಬೈಲ್ ಚಾರ್ಜು ಮಾಡುವ ಪ್ಲಗ್ಗಿನ ಸುತ್ತ ಒಂದು.

ಮನೆಗೆ ಇಬ್ಬರನ್ನು ಬಿಟ್ಟರೆ ಯಂತ್ರದ ಕೆಲಸ ನಾಲ್ಕು ಪಟ್ಟು. ಕೊಡಬೇಕಾದ ದಿನಕ್ಕೆ ಹನ್ನೆರಡು ದಿನ ಉಳಿದಿತ್ತು. ಸ್ಟುಡಿಯೋದ ಮುಖ್ಯಸ್ಥರು ಕೆಟ್ಟವರೇನಲ್ಲ, ಆದರೆ ತಲೆಯ ಮೇಲೆ ಕಲ್ಲು ಹೊತ್ತವರು. ಆ ಒಂದು ಸೆಳೆತ ಅಡ್ಡ ಬರುತ್ತಿದ್ದರೆ ತೆಗೆದುಬಿಡಿ ಎಂದರು. ಜುಬೇರ್ ಕೀಲಿಮಣೆಯನ್ನು ಇಂದುಮತಿಯ ಕಡೆಗೆ ಸರಿಸಿದ.

"ಇಂದಕ್ಕಾ, ಅದು ನಿಮ್ಮ ಅಪ್ಪಾರದು," ಎಂದ. "ನೀವ ತಗೀರಿ."

ಅವಳು ಮೂವತ್ತೊಂದನೆಯದಕ್ಕೆ ಸೊನ್ನೆ ಒತ್ತಿದಳು.

ಫಲಿತಾಂಶ ನೋಡಿ ಎಲ್ಲರೂ ಬೆರಗಾದರು. ಬಾಗಿಲ ಪಕ್ಕದ ಕಲೆ ಒಂದು ಮನೆಯಲ್ಲೂ ಇರಲಿಲ್ಲ. ಬದಲಿಗೆ ಪ್ರತಿ ಮನೆಯೂ ಬೇರೆ. ಒಂದರಲ್ಲಿ ಕಿಟಕಿಯ ಅಂಚು ಬೋಳಾಗಿ ಸವೆದಿತ್ತು, ಒಂದರಲ್ಲಿ ಬಚ್ಚಲ ಗೋಡೆ ಪೂರ್ತಿ ಕೈಗುರುತು, ಇನ್ನೊಂದರಲ್ಲಿ ನಡುಮನೆಯ ಸುತ್ತ ಸೊಂಟದೆತ್ತರಕ್ಕೆ ಮಸುಕಾದ ಪಟ್ಟೆಯೊಂದು ಹರಿದಾಡಿತ್ತು. ಎರಡು ಮನೆ ಒಂದರಂತೊಂದಿಲ್ಲ. ಕಂಪನಿಯವರು ಇಷ್ಟು ಜೀವಂತವಾದ ಖಾಲಿ ಊರನ್ನು ನೋಡಿಯೇ ಇಲ್ಲ ಎಂದು ಬರೆದರು. ಮುಖ್ಯಸ್ಥರು ಧಾರವಾಡ ಪೇಡೆ ತರಿಸಿ ಹಂಚಿದರು. ಇಂದುಮತಿ ಅಪ್ಪನಿಗೆಂದು ಎರಡು ಪೇಡೆ ಕಾಗದದಲ್ಲಿ ಕಟ್ಟಿಕೊಂಡಳು, ಅವನಿಗೆ ಸಕ್ಕರೆ ಕಾಯಿಲೆ ಎಂಬುದು ನೆನಪಾದ ಮೇಲೆ ದಾರಿಯಲ್ಲಿ ತಾನೇ ತಿಂದಳು.

*

ಆ ಸಕ್ಕರೆಯೇ ಮುಂದಿನದಕ್ಕೆಲ್ಲ ನೆವವಾಯಿತು. ರಾಚಪ್ಪ ಏಳು ಗಂಟೆಯ ಮಾತ್ರೆಯನ್ನು ಏಳಕ್ಕೇ ನುಂಗುತ್ತಿದ್ದ, ಊಟ ಮಾತ್ರ ಮಗಳು ಬಂದ ಮೇಲೆ. ಒಂದು ಸಂಜೆ ಗೋಡೆಗೆ ಒರಗಿದವನು ಬೆವತು ತಣ್ಣಗಾಗಿ ಹಾಗೇ ವಾಲಿಕೊಂಡಿದ್ದ. ನೆರೆಮನೆಯವರು ನೋಡಿ ಬಾಯಿಗೆ ಬೆಲ್ಲ ಹಾಕಿ ಉಳಿಸಿದರು. ಡಾಕ್ಟರರು ಇಂದುಮತಿಯನ್ನು ತರಾಟೆಗೆ ತೆಗೆದುಕೊಂಡರು. ಏಳಕ್ಕೆ ಮಾತ್ರೆ, ಏಳೂಕಾಲಿಗೆ ಊಟ, ಇದರಲ್ಲಿ ಆಚೆ ಈಚೆ ಆಗಕೂಡದು.

ಅವನನ್ನು ನೋಡಿಕೊಳ್ಳಲು ಸಾಂವಕ್ಕ ಬಂದಳು. ಐವತ್ತರ ಗಟ್ಟಿ ಹೆಂಗಸು, ರೊಟ್ಟಿ ಬಡಿಯುವುದರಲ್ಲೂ ಬೈಯುವುದರಲ್ಲೂ ಗಟ್ಟಿ. ಆದರೆ ರಾಚಪ್ಪನನ್ನು ಬಾಗಿಲ ಬಳಿಯಿಂದ ಎಬ್ಬಿಸುವುದು ಅವಳಿಂದಲೂ ಆಗಲಿಲ್ಲ. ನಮ್ಮ ಇಂದು ಬರಲಿ ಎಂಬ ಒಂದೇ ಮಾತು. ಬೇಗ ಬರುತ್ತೇನೆ ಎಂದು ಇಂದುಮತಿ ಎರಡು ದಿನ ಮಾತು ಕೊಟ್ಟಳು, ಎರಡೂ ದಿನ ತಪ್ಪಿದಳು. ಆಮೇಲೆ ಅವಳಿಗೆ ಸ್ಟುಡಿಯೋದಲ್ಲಿ ಒತ್ತಿದ ಸೊನ್ನೆ ನೆನಪಾಯಿತು. ಎಷ್ಟು ಸಲೀಸಾಗಿ ಮುಗಿದಿತ್ತು ಅದು. ಕಾಯುವುದೊಂದನ್ನು ತೆಗೆದರೆ ಉಳಿದದ್ದೆಲ್ಲ ತಾನಾಗಿ ಸರಿಹೋಗುತ್ತದೆ ಎಂದು ಅವಳಿಗೆ ಅನಿಸಿತು. ಸಾಂವಕ್ಕನನ್ನು ಕರೆದು, ಸಂಜೆ ಆರಕ್ಕೆ ಅಪ್ಪ ಕೈಕಾಲು ತೊಳೆಯಲು ಹೋದಾಗ ಒಳಗಿನ ಕೋಣೆಯ ಬಾಗಿಲು ಮುಂದೆ ಮಾಡಿ, ಫ್ಯಾನು ಹಾಕಿ, ನಾನು ಬಂದು ಉಂಡು ಮಲಗಿದ್ದೇನೆ ಎಂದು ಹೇಳಿಬಿಡು ಎಂದಳು.

ಸಾಂವಕ್ಕ ಒಪ್ಪಲಿಲ್ಲ. "ಇಲ್ಲದವರನ್ನ ಮಲಗ್ಯಾರ ಅನಬಾರದ್ರೀ ಇಂದಕ್ಕಾರ. ಚಲೋ ಮಾತಲ್ಲ ಅದು."

ಅಪ್ಪನ ಜೀವಕ್ಕಿಂತ ಮಾತು ದೊಡ್ಡದೇ ಎಂದು ಇಂದುಮತಿ ಕೇಳಿದ ಮೇಲೆ ಸಾಂವಕ್ಕ ಹಾಗೇ ಮಾಡಲು ಒಪ್ಪಿದಳು. ಅಂದು ಸಂಜೆ ರಾಚಪ್ಪ ಬಂದು ಕೋಣೆಯ ಬಾಗಿಲಿಗೆ ಕಿವಿಯಿಟ್ಟ. ಒಳಗೆ ಫ್ಯಾನಿನ ಸಪ್ಪಳ ಕೇಳಿ, ಪಾಪ ದಣಿದಾಳ ಎಂದು, ಏಳೂಕಾಲಿಗೆ ತಾಟಿನ ಮುಂದೆ ಕೂತ. ಮಗಳು ಮನೆಗೆ ಬಂದಾಗ ಅವನು ಮಲಗಿ ತಾಸಾಗಿತ್ತು. ಬಾಗಿಲ ಬಳಿಯ ಚಾಪೆ ಸುತ್ತಿ ಮೂಲೆಗಿಟ್ಟಿದ್ದರು. ಅವತ್ತು ಒಬ್ಬಳೇ ಉಣ್ಣುವಾಗ ಇಂದುಮತಿಗೆ ಹಗುರವೆನಿಸಿತು. ಹಗುರವೆನಿಸಿದ್ದಕ್ಕೆ ಆಮೇಲೆ ನಾಚಿಕೆಯೂ ಆಯಿತು.

ಸಕ್ಕರೆ ಹತೋಟಿಗೆ ಬಂತು. ಡಾಕ್ಟರರು ಶಭಾಷ್ ಎಂದರು. ಹೀಗೆ ಹತ್ತು ವಾರ ಕಳೆಯಿತು.

ಹತ್ತನೇ ವಾರದ ಭಾನುವಾರ ಮುಂಜಾನೆ ಇಂದುಮತಿ ಚಹಾ ಕುಡಿಯುತ್ತ ಕೂತಿದ್ದಳು. ಕಿಟಕಿಯ ಬಿಸಿಲು ಓಣಿಯಂಥ ನಡುಮನೆಯ ಗೋಡೆಯ ಮೇಲೆ ಅಡ್ಡಡ್ಡ ಬಿದ್ದಿತ್ತು. ಸೊಂಟದೆತ್ತರಕ್ಕೆ ಮಸುಕಾದ ಪಟ್ಟೆಯೊಂದು ಕಂಡಿತು. ಅದು ಅಡುಗೆಮನೆಯಿಂದ ಹೊರಟು, ಬಚ್ಚಲ ಬಾಗಿಲನ್ನು ಬಳಸಿ, ತಿರುಗಿ ಬಂದು, ಮತ್ತೆ ಹೋಗಿತ್ತು. ಅಂಗೈಯಿಂದ ಗೋಡೆ ಸವರಿಕೊಂಡು ನಡೆದವನ ಗುರುತು. ಇದನ್ನು ಎಲ್ಲಿಯೋ ನೋಡಿದ್ದೇನೆ ಎಂದುಕೊಂಡಳು. ಸ್ಟುಡಿಯೋದ ಪರದೆಯ ಮೇಲೆ ಎಂದು ಹೊಳೆದಾಗ ಲೋಟ ಕೆಳಗಿಟ್ಟು ಗೋಡೆಯ ಹತ್ತಿರ ಹೋದಳು.

ಅಷ್ಟರಲ್ಲಿ ಅಪ್ಪ ಎದ್ದು ಬಂದ. ಅವಳನ್ನು ನೋಡಿ, ನೆರೆಯವರಿಗೆ ಹೇಳುವಂತೆ ಮೆಲ್ಲಗೆ, ಇಂದು ಇನ್ನೂ ಎದ್ದಿಲ್ಲ ಎಂದ. ನಾನೇ ಇಂದು ಅಲ್ಲವೇನಪ್ಪಾ ಎಂದಾಗ ಕಣ್ಣು ಕಿರಿದು ಮಾಡಿ ನೋಡಿ, ಹೌದಲ್ಲ ಎಂದು ನಕ್ಕ. ಅವಳೂ ನಕ್ಕಳು. ನಿದ್ದೆಗಣ್ಣು ಎಂದು ಸಾಂವಕ್ಕ ಅಂದಳು. ಮೂವರೂ ಅದನ್ನೇ ನಂಬಿಕೊಂಡರು.

*

ಮರುದಿನ ಸ್ಟುಡಿಯೋದಲ್ಲಿ ಇಂದುಮತಿ ಜುಬೇರನನ್ನು ಕೂಡಿಸಿಕೊಂಡು, ಕಂಪನಿಗೆ ಒಪ್ಪಿಸಿದ್ದ ಮನೆಗಳ ಹತ್ತು ವರ್ಷಗಳನ್ನು ನಿಧಾನವಾಗಿ ಓಡಿಸಿ ನೋಡಬೇಕೆಂದಳು. ಅಲ್ಲಿಯವರೆಗೆ ಯಾರೂ ನೋಡಿದ್ದಿಲ್ಲ. ಎಲ್ಲರಿಗೂ ಬೇಕಾಗಿದ್ದದ್ದು ಕೊನೆಗೆ ಉಳಿಯುವ ಗೋಡೆ.

ಮೊದಲ ತಿಂಗಳುಗಳಲ್ಲಿ ಒಕ್ಕಲು ಚೆನ್ನಾಗಿಯೇ ಬಾಳುತ್ತಿತ್ತು. ಹೊತ್ತಿಗೆ ಸರಿಯಾಗಿ ಉಣ್ಣುವುದು, ಹೊತ್ತಿಗೆ ಮಲಗುವುದು. ಆಮೇಲೆ ಸಡಿಲವಾಗತೊಡಗಿತು. ಕೊಡದತ್ತ ಹೊರಟದ್ದು ನಡುವೆ ನಿಲ್ಲುತ್ತಿತ್ತು, ಸ್ನಾನ ರಾತ್ರಿಗೆ ಹೋಯಿತು, ಅಡುಗೆಮನೆಗೆ ಮೂರು ಸಲ ಹೋಗಿ ಮೂರು ಸಲವೂ ಬರಿಗೈಯಲ್ಲಿ ತಿರುಗಿತು. ಎರಡನೇ ವರ್ಷದ ಹೊತ್ತಿಗೆ ಗೋಡೆ ಸವರಿಕೊಂಡು ಸುತ್ತುತ್ತಿತ್ತು. ಕಂಪನಿಯವರು ಮೆಚ್ಚಿದ ಆ ಪಟ್ಟೆಗಳು, ಕೈಗುರುತುಗಳು, ಬೋಳಾದ ಕಿಟಕಿಯಂಚುಗಳೆಲ್ಲ ಅಲ್ಲಿಂದ ಮುಂದಿನವು. ದಿಕ್ಕಿದ್ದವನು ಒಂದೇ ದಾರಿ ಸವೆಸುತ್ತಾನೆ. ದಿಕ್ಕು ತಪ್ಪಿದವನು ಮನೆಯೆಲ್ಲ ಮುಟ್ಟುತ್ತಾನೆ. ಎರಡು ಮನೆ ಒಂದರಂತೊಂದಿಲ್ಲ ಎಂದು ಪೇಡೆ ಹಂಚಿದ್ದು ಇದಕ್ಕೆ.

ಜುಬೇರ್ ಓಟ ನಿಲ್ಲಿಸಿ ಸೆಳೆತಗಳ ಪಟ್ಟಿಯನ್ನು ಮತ್ತೆ ತೆಗೆದ. ಉಳಿದ ನಲವತ್ತೆರಡು ಸೆಳೆತಗಳನ್ನೂ ಹೊತ್ತಿಗೆ ಸರಿಯಾಗಿ ಕಟ್ಟಿಟ್ಟದ್ದು ಆ ಒಂದೇ ಇರಬೇಕು ಎಂದು ತೊದಲಿದ. ಸಂಜೆ ಬಾಗಿಲ ಬಳಿ ಕೂಡ್ರಬೇಕೆಂದು ಮಧ್ಯಾಹ್ನದ ಸ್ನಾನ, ಅದಕ್ಕೆಂದು ಮುಂಜಾನೆಯ ಎಣ್ಣೆ. ಅದನ್ನು ಕಿತ್ತರೆ ಒಂದೊಂದೇ ಕಳಚುತ್ತ ಬಂದಿವೆ.

"ಯಂತ್ರಕ್ಕ ಮುಂದಿಂದೇನೂ ಗೊತ್ತಾಗೂದಿಲ್ಲ, ಇಂದಕ್ಕಾ," ಎಂದ. "ಇದು ಬರೇ ಲೆಕ್ಕ. ನಿಮ್ಮ ಅಪ್ಪಾರು ಲೆಕ್ಕ ಅಲ್ಲ."

ಅವಳಿಗೆ ಸಮಾಧಾನ ಬೇಕಿರಲಿಲ್ಲ. ಕಿತ್ತ ಸೆಳೆತವನ್ನು ಮತ್ತೆ ಹಾಕಿದರೆ ಏನಾಗುತ್ತದೆ ಎಂದು ಕೇಳಿದಳು. ಹಾಕಿ ನೋಡಿದರು. ಐದನೇ ವರ್ಷದಲ್ಲಿ ಹಾಕಿದರೆ ಏನೂ ಆಗಲಿಲ್ಲ. ಎರಡನೆಯದರಲ್ಲಿ ಹಾಕಿದರೆ ಸಂಜೆಯ ಹೊತ್ತಿಗೆ ಒಕ್ಕಲು ಚಡಪಡಿಸಿ ಏಳುತ್ತಿತ್ತು, ಎಲ್ಲಿಗೆ ಹೋಗಬೇಕೆಂದು ತಿಳಿಯದೆ ನಿಲ್ಲುತ್ತಿತ್ತು. ಮೂರು ತಿಂಗಳೊಳಗೆ ಹಾಕಿದರೆ, ದಿನವೂ ಸರಿಯಾದ ಹೊತ್ತಿಗೆ ಬಾಗಿಲು ತೆರೆಯುವವರೂ ಇದ್ದರೆ, ಹತ್ತರಲ್ಲಿ ಆರು ಮನೆಯಲ್ಲಿ ಅದು ಹಳೆಯ ಜಾಗಕ್ಕೆ ಬಂದು ಕೂತಿತು. ಉಳಿದ ನಾಲ್ಕರಲ್ಲಿ ಸೆಳೆತವೇನೋ ತಿರುಗಿ ಬಂತು, ಆದರೆ ಬೇರೆ ಯಾವುದೋ ಗೋಡೆಗೆ ಹೋಗಿ ಅಂಟಿಕೊಂಡಿತು.

ಇಂದುಮತಿ ಬೆರಳು ಮಡಿಚಿ ಎಣಿಸಿದಳು. ಹತ್ತು ವಾರ ಒಂದು ದಿನ. ಮೂರು ತಿಂಗಳಾಗಲು ಇನ್ನೂ ಹತ್ತಿರಹತ್ತಿರ ಮೂರು ವಾರವಿತ್ತು. ಅವಳು ಬ್ಯಾಗು ತೆಗೆದುಕೊಂಡಳು. ನಾಳೆಯಿಂದ ಐದಕ್ಕೆ ಹೊರಡುತ್ತೇನೆ, ಏನಾದರೂ ಆಗಲಿ ಎಂದು ಮುಖ್ಯಸ್ಥರಿಗೆ ಹೇಳಲು ಹೋದವಳು, ನಾಳೆಯಿಂದ ಏಕೆ ಎಂದುಕೊಂಡು ಹಾಗೇ ಮೆಟ್ಟಿಲಿಳಿದಳು. ದಾರಿಯಲ್ಲಿ ಸಾಂವಕ್ಕನಿಗೆ ಫೋನ್ ಮಾಡಿ, ಇವತ್ತು ಮಲಗಿದ್ದಾಳೆ ಎಂದು ಹೇಳಬೇಡ, ಚಾಪೆ ಹಾಸು, ಅಪ್ಪನನ್ನು ಬಾಗಿಲ ಬಳಿ ಕೂಡಿಸು, ನಾನು ಬರುತ್ತಿದ್ದೇನೆ ಎಂದಳು. ಸಾಂವಕ್ಕ ಹೂಂ ಎಂದಳು, ಮತ್ತೇನೋ ಹೇಳಹೋಗಿ ಬಿಟ್ಟಳು.

ಆರೂಕಾಲಿಗೆ ಅವಳು ಎರಡನೇ ಮಹಡಿಯಲ್ಲಿದ್ದಳು. ಕೈಯಲ್ಲಿ ಕೀಲಿ ಇದ್ದರೂ ಗಂಟೆ ಒತ್ತಿದಳು, ಶಾಲೆಯಿಂದ ಬಂದಾಗ ಚಿಲಕ ಬಡಿಯುತ್ತಿದ್ದಂತೆ ಎರಡು ಸಲ. ಒಳಗೆ ಯಾರೂ ಏಳಲಿಲ್ಲ. ಮತ್ತೆ ಒತ್ತಿದಳು. ಕೊನೆಗೆ ಸಾಂವಕ್ಕನೇ ಬಂದು ಬಾಗಿಲು ತೆರೆದಳು. ಅವಳ ಕಣ್ಣುಗಳು ಕೆಂಪಾಗಿದ್ದವು.

ಚಾಪೆ ಬಾಗಿಲ ಪಕ್ಕದಲ್ಲಿ ಹಾಸಿಯೇ ಇತ್ತು. ಅದರ ಮೇಲೆ ಯಾರೂ ಇರಲಿಲ್ಲ. ಅಪ್ಪ ನಡುಮನೆಯ ಆ ತುದಿಯಲ್ಲಿ, ಒಳಗಿನ ಕೋಣೆಯ ಮುಚ್ಚಿದ ಬಾಗಿಲಿಗೆ ತಲೆಯಾನಿಸಿ ನೆಲದ ಮೇಲೆ ಕೂತಿದ್ದ. ತಲೆಗೆ ಎಣ್ಣೆ ಹಚ್ಚಿದ್ದ. ಬಾಗಿಲ ಹಲಗೆಯ ಮೇಲೆ ಎಣ್ಣೆಯ ತಿಳಿಯಾದ ಗುರುತೊಂದು ಆಗಲೇ ಮೂಡಿತ್ತು. ಒಂದು ದಿನದ್ದಲ್ಲ ಅದು. ಅವಳನ್ನು ಕಂಡು ಅವನು ತುಟಿಯ ಮೇಲೆ ಬೆರಳಿಟ್ಟ. ಗೋಡೆ ಸವರುತ್ತ ಎದ್ದು, ಬಂದವರನ್ನು ಬರಮಾಡಿಕೊಳ್ಳುವ ಮರ್ಯಾದೆಯಿಂದ ಎರಡು ಹೆಜ್ಜೆ ಮುಂದೆ ಬಂದ.

"ಸಪ್ಪಳ ಮಾಡಬ್ಯಾಡ್ರಿ," ಎಂದ ಮೆಲ್ಲಗೆ. "ಮಗಳು ಮಲಗ್ಯಾಳ. ಭಾಳ ದಣಿದ ಬಂದಾಳ."

"ಅಪ್ಪಾ, ನಾ ಇಂದು," ಎಂದಳು. "ಬಂದೀನಿ ನೋಡು. ಲಗೂನ ಬಂದೀನಿ ಇವತ್ತ."

ಅವನು ಅವಳ ಮುಖವನ್ನು ಕಣ್ಣು ಕಿರಿದು ಮಾಡಿ ನೋಡಿದ. ಭಾನುವಾರದ ಹಾಗೆ ನಗು ಬಂದೀತೆಂದು ಅವಳು ಕಾದಳು. ಬರಲಿಲ್ಲ. ಬಂದವರು ಏನೋ ತಪ್ಪಾಗಿ ತಿಳಿದಿದ್ದಾರೆ, ಅವರಿಗೆ ಬೇಸರವಾಗಬಾರದು ಎಂಬಂತೆ ಅವನು ಚಾಪೆ ತೋರಿಸಿದ.

"ಅಲ್ಲೆ ಕುಂದರ್ರಿ. ಆಕಿ ಏಳ್ಲಿ, ಎಲ್ಲಾರೂ ಕೂಡೇ ಉಣ್ಣೂಣು. ಆಕಿನ್ನ ಬಿಟ್ಟು ನಾ ಉಣ್ಣೂದಿಲ್ರಿ."

ಇಂದುಮತಿ ಕೋಣೆಯ ಬಾಗಿಲನ್ನು ನೂಕಿ, ನೋಡು ಯಾರೂ ಇಲ್ಲ ಎಂದು ತೋರಿಸಬೇಕೆಂದು ಒಂದು ಹೆಜ್ಜೆ ಇಟ್ಟಳು. ಸಾಂವಕ್ಕ ತೋಳು ಹಿಡಿದು ತಡೆದಳು. ತೆರೆದು ತೋರಿಸಿದರೆ ಅವನ ಪಾಲಿಗೆ ಮಗಳೇ ಇಲ್ಲವಾದಂತೆ. ಅದು ಇಂದುಮತಿಗೂ ಹೊಳೆಯಿತು. ಒಳಗೆ ಖಾಲಿ ಹಾಸಿಗೆಯ ಮೇಲೆ ಫ್ಯಾನು ತಿರುಗುತ್ತಿತ್ತು.

ಅವಳು ಚಪ್ಪಲಿ ಬಿಟ್ಟು ಚಾಪೆಯ ಮೇಲೆ ಕೂತಳು, ಅಪ್ಪನ ಹಳೆಯ ಕಲೆಗೆ ತಲೆಯಾನಿಸಿ. ಅಪ್ಪನಿಗೆ ನೆಮ್ಮದಿಯಾಯಿತು. ಗೋಡೆ ಸವರಿಕೊಂಡು ತಿರುಗಿ ಹೋಗಿ, ಮುಚ್ಚಿದ ಬಾಗಿಲಿಗೆ ಒರಗಿ ಕೂತ. ಅಡುಗೆಮನೆಯಲ್ಲಿ ಸಾಂವಕ್ಕ ಮಾತ್ರೆಯನ್ನೂ ನೀರಿನ ಲೋಟವನ್ನೂ ಹಿಡಿದು ನಿಂತಿದ್ದಳು. ಗಡಿಯಾರ ಏಳು ಹೊಡೆಯಿತು. ತಂದೆ ಮಗಳು ಇಬ್ಬರೂ ಇಂದುಮತಿ ಬರಲೆಂದು ಕಾಯುತ್ತ ಕೂತರು.